ಮಸ್ಕತ್ತಿಗೆ ಬಂದ ಅಕ್ಕಲಕೋಟ ಗಾಡಿ

ಮಸ್ಕತ್ತಿನ ಕಡೆ ಕೆಲಸ ಸಿಕ್ಕಿದೆ ಎಂದು ನಾನು ಹೇಳಿದಾಗ ನನ್ನ ಗಂಡ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕುಳಿತು ತಮ್ಮ ಖಾಕಿ ಶರ್ಟಿಗೆ ಸಾಬೂನು ಹಚ್ಚುತ್ತಿದ್ದರು. ಅವರು ಮಹಾರಾಷ್ಟ್ರ ಸರಕಾರದ ಎಸ್.ಟಿ. ಬಸ್ಸಿನ ಕಂಡಕ್ಟರ್. ಸೊಲ್ಲಾಪುರದಿಂದ ಅಕ್ಕಲಕೋಟ, ಅಕ್ಕಲಕೋಟದಿಂದ ಕರಜಗಿ, ಮತ್ತೆ ಅದೇ ದಾರಿಯಲ್ಲಿ ವಾಪಸು. ದಿನವೂ ಅದೇ ಗಾಡಿ, ಅದೇ ಧೂಳು. ಶರ್ಟಿನ ಕಾಲರನ್ನು ಮತ್ತಷ್ಟು ಹೊತ್ತು ತಿಕ್ಕಿ, "ಎಷ್ಟ್ ದಿನದ್ದು?" ಎಂದು ಕೇಳಿದರು.

"ಎರಡು ವರ್ಷದ ಕರಾರು ಅದರಿ."

ಶರ್ಟನ್ನು ಹಿಂಡಿ, ಕೊಡವಿ, ದೋರಿಯ ಮೇಲೆ ಹಾಕಿದರು. "ನಿನ್ನ ಮನಸ್ಸಿಗಿ ಬಂದಿದ್ರ ಹೋಗಿ ಬಾ," ಎಂದು ಡ್ಯೂಟಿಗೆ ಹೊರಟುಹೋದರು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ನಮಗೆ ಮದುವೆಯಾಗಿ ವರ್ಷ ತುಂಬಿತ್ತಷ್ಟೇ. ಆ ವರ್ಷದಲ್ಲಿಯೂ ಒಂದೇ ಮನೆಯಲ್ಲಿ ಒಟ್ಟಿಗೆ ಇದ್ದದ್ದು ಕಡಿಮೆ. ನಾನು ಸೊಲ್ಲಾಪುರದ ದೊಡ್ಡ ಸರಕಾರಿ ದವಾಖಾನೆಯಲ್ಲಿ ನರ್ಸ್. ವಾರವೆಲ್ಲ ಅಲ್ಲಿನ ಕ್ವಾರ್ಟರ್ಸಿನಲ್ಲಿ ಇದ್ದು, ರಜೆಯ ದಿನ ಅಕ್ಕಲಕೋಟಕ್ಕೆ ಬರುತ್ತಿದ್ದೆ. ಎಸ್.ಟಿ. ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಅಲ್ಲಿ ನನ್ನ ಗಂಡ, ಅವರ ತಾಯಿ. ಒಮ್ಮೊಮ್ಮೆ ನನಗೆ ಅವರದೇ ಗಾಡಿ ಸಿಗುತ್ತಿತ್ತು. ಆದರೆ ಬೆಳಗಿನ ಸೊಲ್ಲಾಪುರ ಗಾಡಿ ಎಂದರೆ ಕಾಲಿಡಲು ಜಾಗ ಇರುವುದಿಲ್ಲ. ಅವರು ಮಂದಿಯ ಭುಜದ ಮೇಲಿಂದ ಕೈ ಚಾಚಿ ನನಗೂ ಟಿಕೆಟ್ ಕೊಟ್ಟು, "ಪುಢೆ ಚಲಾ, ಪುಢೆ ಚಲಾ," ಎಂದು ಎಲ್ಲರನ್ನೂ ಮುಂದೆ ಸರಿಸುತ್ತ ಹೋಗಿಬಿಡುತ್ತಿದ್ದರು. ಮನೆಗೆ ಬಂದರೆ ಊಟ, ನಿದ್ದೆ. "ದಿನಾ ಬಸ್ಸಿನಾಗ ಒದರಿ ಒದರಿ ಅಂವನ ಬಾಯಾಗ ಮಾತು ಉಳಿಯೂದಿಲ್ಲ ಯವ್ವಾ," ಎಂದು ಅತ್ತೆ ನನಗೆ ಸಮಾಧಾನ ಹೇಳುತ್ತಿದ್ದರು.

ನಾನು ಯಾಕೆ ಹೋದೆ ಎಂದು ಆಮೇಲೆ ಬಹಳ ಮಂದಿ ಕೇಳಿದ್ದಾರೆ. ಪಗಾರು ಹೆಚ್ಚು ಎಂಬುದು ಒಂದು. ಅದಕ್ಕಿಂತಲೂ, ನನಗೆ ಹೋಗಬೇಕು ಅನಿಸಿತ್ತು. ನಾನು ಕರಜಗಿಯಲ್ಲಿ ಹುಟ್ಟಿ ಅಲ್ಲಿನ ಕನ್ನಡ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವಳು. ಅಪ್ಪ ಸೊಲ್ಲಾಪುರದ ಮಿಲ್ಲಿನಲ್ಲಿ ಕೆಲಸಕ್ಕಿದ್ದುದರಿಂದ ಮುಂದಿನ ಓದು ಅಲ್ಲಿ, ಮರಾಠಿಯಲ್ಲಿ. ನಮ್ಮ ಕೇರಿಯಿಂದ ನರ್ಸ್ ಆದವಳು ನಾನೇ ಮೊದಲು. ನಮ್ಮದು ಅಜ್ಜನ ಕಾಲದವರೆಗೂ ಊರ ಹೊರಗಿದ್ದ, ಅಪ್ಪನ ಕಾಲಕ್ಕೆ ಬುದ್ಧನ ಕಡೆ ಬಂದ ಮನೆತನ. ಮಿಲ್ ಬಿಟ್ಟು ಕರಜಗಿಗೆ ಮರಳಿದ್ದ ಅಪ್ಪನಿಗೆ ಸುದ್ದಿ ಹೇಳಲು ಹೋದಾಗ ಅವನು "ವಿಮಾನದಾಗ ಖಿಡಕಿ ತಗದಿರ್ತಾವೇನು?" ಎಂದು ಕೇಳಿದ. ಬೇಡ ಅನ್ನಲಿಲ್ಲ. ಅತ್ತೆಯೂ ಅನ್ನಲಿಲ್ಲ. ಓಣಿಯ ಹೆಂಗಸರು ಏನೋ ಅಂದಾಗ, "ಗಂಡಸು ಹೊಂಟಿದ್ರ ಹಾರ ತರ್ತಿದ್ರಿ. ನನ್ನ ಸೊಸಿ ಹೊಂಟಾಳ ಅಂದ್ರ ಯಾಕ ಹೊಟ್ಟಿ ನೋಯ್ತದ ನಿಮಗ?" ಎಂದು ಕೇಳಿ ಬಾಗಿಲು ಹಾಕಿಕೊಂಡರು.

ಹೊರಡುವ ದಿನ ಗಂಡ ಡ್ಯೂಟಿ ಬದಲಿಸಿಕೊಂಡು ಸೊಲ್ಲಾಪುರ ಸ್ಟೇಷನ್ನಿಗೆ ಬಂದರು. ಮುಂಬಯಿ ಗಾಡಿಯಲ್ಲಿ ನನ್ನ ಟ್ರಂಕನ್ನು ಬಾಕಿನ ಕೆಳಗೆ ತಳ್ಳಿ, ಅತ್ತೆ ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ಎರಡನ್ನೂ ನನ್ನ ತೊಡೆಯ ಮೇಲಿಟ್ಟರು. "ಖಿಡಕಿ ಕಡಿ ಕುಂದ್ರು. ಗಾಳಿ ಬರ್ತದ," ಎಂದರು. ಗಾಡಿ ಅಲುಗಿದಾಗ ಅವರ ಕೈ ಅಭ್ಯಾಸದಂತೆ ತಲೆಯ ಮೇಲೆ ಗಂಟೆಯ ಹಗ್ಗ ಹುಡುಕುವ ಹಾಗೆ ಎದ್ದಿತು. ಆಮೇಲೆ ಅದೇ ಕೈಯನ್ನು ಬೀಸಿದರು.

ಒಮಾನಿನಲ್ಲಿ ನಾನಿದ್ದ ಊರು ಮಸ್ಕತ್ತಿನಿಂದ ಜೀಪಿನಲ್ಲಿ ಒಂದು ಹಗಲಿನ ದಾರಿ. ಊರಿನ ಮಂದಿ ಮಾತ್ರ ಕೊನೆಯವರೆಗೂ ನಾನು ಮಸ್ಕತ್ತಿನಲ್ಲಿದ್ದೇನೆ ಎಂದೇ ಹೇಳುತ್ತಿದ್ದರು. ಒಂದು ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟಗಳು, ಅವುಗಳ ಬುಡದಲ್ಲಿ ಖರ್ಜೂರದ ತೋಟಗಳು, ತೋಟದ ಅಂಚಿಗೆ ಹೊಸದಾಗಿ ಕಟ್ಟಿದ ಬಿಳಿಯ ಆಸ್ಪತ್ರೆ. ನರ್ಸುಗಳಲ್ಲಿ ಹೆಚ್ಚಿನವರು ಕೇರಳದವರು. ನನ್ನ ಕೋಣೆಯ ಗೆಳತಿಯೂ ಅಲ್ಲಿಯವಳೇ. ನಾವಿಬ್ಬರೂ ಅರೆಬರೆ ಹಿಂದಿಯಲ್ಲಿ ಮಾತಾಡುತ್ತಿದ್ದೆವು. ಅವಳು ಮೀನು ಬೇಯಿಸಿದ ದಿನ ನಾನು ಹೊರಗೆ ಕುಳಿತುಕೊಳ್ಳುತ್ತಿದ್ದೆ, ನಾನು ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದ ದಿನ ಅವಳು.

ಕೆಲಸದಲ್ಲಿ ಸುಖವಿತ್ತು. ಸೊಲ್ಲಾಪುರದಲ್ಲಿ ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಒಬ್ಬಳು ನೆಲದ ಮೇಲೆ. ಇಲ್ಲಿ ಪ್ರತಿಯೊಬ್ಬಳಿಗೂ ಒಗೆದ ಹಾಸಿಗೆ, ನಲ್ಲಿ ತಿರುಗಿಸಿದರೆ ನೀರು. ಬೆಟ್ಟದಾಚೆಯ ಹಳ್ಳಿಗಳಿಂದ ಹೆಂಗಸರು ಹೆರಿಗೆಗೆ ಬರುತ್ತಿದ್ದರು, ಮುಖಕ್ಕೆ ಕಪ್ಪು ಮುಸುಕು, ಅಂಗೈಯಲ್ಲಿ ಮದರಂಗಿ. ದವಾಖಾನೆ ಎಂಬುದನ್ನೇ ಹೊಸದಾಗಿ ನೋಡುತ್ತಿದ್ದವರು. ಹೆದರಿಕೆಯಿಂದ ನನ್ನ ಮಣಿಕಟ್ಟು ಹಿಡಿದರೆ ಕೂಸು ಅಳುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಅವರ ಗಂಡಂದಿರು ಹಲ್ವಾದ ತಟ್ಟೆ, ಕಹಿ ಕಾಫಿಯ ಹೂಜಿ ತಂದು ಬಾಗಿಲ ಬಳಿ ನಿಂತು ಕರೆಯುತ್ತಿದ್ದರು. "ಡಾಕ್ಟರ್" ಎಂದೇ ನನ್ನನ್ನೂ ಕರೆಯುತ್ತಿದ್ದರು. ನಾನು ಯಾವ ಕೇರಿಯವಳು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೊದಮೊದಲು ಅದನ್ನು ನೆನೆದೇ ನಾನು ನೆಟ್ಟಗೆ ನಡೆಯುತ್ತಿದ್ದೆ.

ಆದರೆ ಕೆಲಸ ಮುಗಿದ ಮೇಲೆ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ನನ್ನ ಮಾತು ಯಾರಿಗೂ ತಿಳಿಯದು. ಕನ್ನಡದಲ್ಲಿ ಒಂದು ಶಬ್ದವೂ ಆಡದೆ ವಾರಗಟ್ಟಲೆ ಕಳೆಯುತ್ತಿತ್ತು. ಒಮ್ಮೆ ಜ್ವರ ಬಂದು ಮಲಗಿದ್ದಾಗ ನಾನು "ಯವ್ವಾ, ನೀರು," ಎಂದೆನಂತೆ. ಗೆಳತಿಗೆ ಅದು ಯಾವ ದೇವರ ಹೆಸರೋ ಅನಿಸಿತ್ತಂತೆ; ಪಕ್ಕದಲ್ಲಿ ಕುಳಿತು ತನ್ನ ಜಪಮಾಲೆ ಹಿಡಿದು ಪ್ರಾರ್ಥನೆ ಮಾಡಿದಳು. ಊರಿನಲ್ಲಿ ಜೋಳದ ರೊಟ್ಟಿ ತಟ್ಟುವ ಸಪ್ಪಳಕ್ಕೆ ಬೆಳಗಾಗುತ್ತಿತ್ತು. ಇಲ್ಲಿ ಎಚ್ಚರವಾದ ಕೂಡಲೇ ಏನೋ ತಪ್ಪಿಹೋದಂತೆ ಕಿವಿಗೊಟ್ಟು ಮಲಗಿರುತ್ತಿದ್ದೆ.

ಗಂಡನ ಪತ್ರಗಳು ಬರುತ್ತಿದ್ದವು. ಅವರು ಓದಿದ್ದು ಪೂರ್ತಿ ಮರಾಠಿಯಲ್ಲಿ, ಕನ್ನಡ ಬರೆಯಲು ಬಾರದು. ಮನೆಯಲ್ಲಿ ನಾವು ಎಂದೂ ಮರಾಠಿ ಆಡಿದವರಲ್ಲ. ಹೀಗಾಗಿ ಪತ್ರದಲ್ಲಿ ಮಾತಾಡುತ್ತಿದ್ದವರು ಯಾರೋ ಮೂರನೆಯವರು. ಮೇಲೆ ಪದ್ಧತಿಯ ಒಕ್ಕಣೆ, ನಡುವೆ ಇಲ್ಲಿ ಎಲ್ಲರೂ ಖುಶಾಲ, ತಬ್ಬೇತ ನೋಡಿಕೊ, ಕೆಳಗೆ ಸಹಿ. ಪತ್ರ ಒಡೆಯುವ ಮುಂಚೆ ಇರುತ್ತಿದ್ದ ಸಂತೋಷ ಒಡೆದ ಮೇಲೆ ಇರುತ್ತಿರಲಿಲ್ಲ.

ಆಗ ಅಲ್ಲಿನ ಬಜಾರಿನಲ್ಲಿ ಟೇಪ್ ರೆಕಾರ್ಡರುಗಳು ಬಂದಿದ್ದವು. ಹಿಡಿಕೆ ಇರುವ, ಸೆಲ್ ಹಾಕಿ ನಡೆಸುವ ಚಪ್ಪಟೆ ಪೆಟ್ಟಿಗೆ. ಕೇರಳದ ಹುಡುಗಿಯರು ಮನೆಗೆ ಒಂದು ಕಳಿಸಿ, ತಮ್ಮ ಬಳಿ ಒಂದು ಇಟ್ಟುಕೊಂಡು, ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ನಾನೂ ಹಾಗೆಯೇ ಎರಡು ಕೊಂಡೆ. ರಜೆಯ ಮೇಲೆ ಮಿರಜಿಗೆ ಹೊರಟಿದ್ದ ಒಬ್ಬ ನರ್ಸ್ ಬಾಯಿಯ ಕೈಯಲ್ಲಿ ಒಂದನ್ನು ಕಳಿಸಿದೆ. ಗಂಡ ಮಿರಜಿಗೆ ಹೋಗಿ ತೆಗೆದುಕೊಂಡು ಬಂದರು.

ಮೊದಲನೆಯ ಕ್ಯಾಸೆಟ್ಟು ಬಂತು. ಹಾಕಿದರೆ ಅತ್ತೆಯ ದನಿ. ನಾನು ದೂರದಲ್ಲಿದ್ದೇನೆ ಎಂದು ಅವರು ಒದರಿಯೇ ಮಾತಾಡಿದ್ದರು. "ಯವ್ವಾ, ಕೇಳಸ್ತದೇನು? ನಾ ಆರಾಮ ಇದ್ದೀನಿ. ನಿಮ್ಮಪ್ಪ ಬಂದಿದ್ದ, ಅವರೆಕಾಯಿ ತಂದಿದ್ದ. ನೀ ಉಂಡೇನು?" ಎಂದು ಕೇಳಿ, ನಾನು ಉತ್ತರ ಕೊಡಲೆಂದು ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಆಮೇಲೆ, "ಮಾತಾಡಾಕ ಒಲ್ಲಳಲ್ಲೋ," ಎಂದರು. "ಅವ್ವಾ, ಆಕಿ ಇದರಾಗ ಇಲ್ಲ," ಎಂದು ಗಂಡನ ದನಿ. ಅವರ ಸರದಿ ಬಂದಾಗ ಗಂಟಲು ಸರಿಮಾಡಿಕೊಂಡಿದ್ದು ಕೇಳಿಸಿತು. ಹೊರಗೆ ಯಾರೋ ಕೊಡ ಇಟ್ಟ ಸಪ್ಪಳ. "ಏನ್ ಮಾತಾಡ್ಲಿ," ಎಂದರು. ಮತ್ತೆ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಖುಶಾಲ," ಎಂದು ಗುಂಡಿ ಒತ್ತಿ ನಿಲ್ಲಿಸಿದರು.

ನಾನು ಅತ್ತೆಯ ಭಾಗವನ್ನು ಮತ್ತೆ ಮತ್ತೆ ಕೇಳಿ ನಕ್ಕೆ. ಆ ಕೊನೆಯ ಭಾಗ ಬಂದಾಗ ನಿಲ್ಲಿಸುತ್ತಿದ್ದೆ.

ಎರಡನೆಯದು ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಹಾಕಿದ ಕೂಡಲೇ ಬಸ್ಸಿನ ಇಂಜಿನ್ನು ಗುರುಗುಟ್ಟಿತು. ನನಗೆ ಪೆಟ್ಟಿಗೆಯೇ ಕೆಟ್ಟಿತೇನೋ ಅನಿಸಿತು. ಆಮೇಲೆ ಟಣ್ ಟಣ್ ಎಂದು ಎರಡು ಗಂಟೆ. ಗೇರು ಬದಲಾದ ಸದ್ದು, ಕಿಟಕಿಗಳ ಗಡಗಡ. ಅದರ ನಡುವೆ ಅವರ ದನಿ, ನನ್ನ ಪಕ್ಕದಲ್ಲೇ ಕುಳಿತಂತೆ.

"ಈಗ ಅಕ್ಕಲಕೋಟ ಬಿಟ್ಟೇವಿ. ಮಧ್ಯಾಹ್ನದ ಕರಜಗಿ ಗಾಡಿ. ಇದರಾಗ ಮಂದಿ ಕಡಿಮಿ. ಈ ಟೇಪಿನ ಡಬ್ಬಿ ಊಟದ ಚೀಲದಾಗ ಇಟ್ಟೀನಿ, ಡ್ರೈವರಗ ಗೊತ್ತದ, ಬ್ಯಾರೇದವ್ರಿಗಿ ಗೊತ್ತಿಲ್ಲ. ಒಬ್ಬಾಕಿ ಮುದುಕಿ ಕೋಳಿ ತಂದಾಳ. ಕೋಳಿಗಿ ಟಿಕೆಟ್ ತಗಿ ಆಯಿ ಅಂದ್ರ, ಅದು ಸಣ್ಣದದ, ಅರ್ಧಾ ತಗೊ ಅಂತಾಳ."

ನಾನು ಪೆಟ್ಟಿಗೆಗೆ ಕಿವಿ ಹಚ್ಚಿ ಕುಳಿತೆ. ಅವರು ಮಾತಾಡುತ್ತಲೇ ಇದ್ದರು. ಹೊಲದಲ್ಲಿ ತೊಗರಿ ಹೂಬಿಟ್ಟಿದೆ. ಡ್ರೈವರನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಜೇವೂರಿನ ತಿರುವಿನಲ್ಲಿ ಒಂದು ನಾಯಿ ದಿನಾ ಗಾಡಿಯ ಜೊತೆ ಓಡುತ್ತದೆ, ಇವತ್ತು ಬಂದಿಲ್ಲ. ಮಾತಿನ ನಡುವೆ ನಿಲುಗಡೆ ಬಂದರೆ ತಟ್ಟನೆ ದನಿ ಬದಲಾಗುತ್ತಿತ್ತು. "ಜೇವೂರ! ಚಲಾ, ಉತರಾ ಲವಕರ!" ಎಂದು ಮಂದಿಯನ್ನು ಇಳಿಸಿ, ಟಿಕೆಟ್ ಹರಿದುಕೊಟ್ಟು, ಗಂಟೆ ಹೊಡೆದು, ಮತ್ತೆ ಬಂದು ಕುಳಿತು, "ಹಾಂ, ಏನ್ ಹೇಳಾಕತ್ತಿದ್ದೆ?" ಎಂದು ಮೊದಲಿನ ದನಿಗೆ ಬರುತ್ತಿದ್ದರು. ಮಳೆ ಶುರುವಾಗಿ ತಗಡಿನ ಮೇಲೆ ಬಿದ್ದ ಸದ್ದಿನಲ್ಲಿ ಸ್ವಲ್ಪ ಮಾತು ಮುಳುಗಿಹೋಗಿತ್ತು. ಅದು ಕಡಿಮೆಯಾದ ಮೇಲೆ ಕೇಳಿಸಿದ್ದು ಇಷ್ಟು:

"ನಿನ್ನ ಹಸರ ಸೀರಿ ದೋರಿ ಮ್ಯಾಲ ಹಂಗೇ ಅದ. ಅವ್ವ ಮಡಚಿ ಇಡ್ತೀನಿ ಅಂದ್ಳು. ಇರಲಿ ಬಿಡು ಅಂದೆ. ಮನಿಗಿ ಬಂದ್ರ ಮೊದಲ ಅದೇ ಕಾಣಸ್ತದ."

ಅಷ್ಟು ಹೊತ್ತಿಗೆ ಕರಜಗಿ ಬಂತು. ನಮ್ಮೂರ ಸ್ಟ್ಯಾಂಡಿನ ಗದ್ದಲ, ಯಾವುದೋ ಆಡು ಒದರಿದ್ದು, ಕ್ಯಾಸೆಟ್ಟು ಮುಗಿದದ್ದು.

ಆಮೇಲೆ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಒಂದು ಗಾಡಿ ನನಗೆ ಬರತೊಡಗಿತು. ನಾನು ಸಂಜೆ ಅದನ್ನು ಹಾಕಿಕೊಂಡು ಅಕ್ಕಲಕೋಟದಿಂದ ಕರಜಗಿಗೆ ಹೋಗಿ ಬರುತ್ತಿದ್ದೆ. ಗೆಳತಿಗೆ ಒಂದು ಅಕ್ಷರ ತಿಳಿಯದಿದ್ದರೂ ಗಂಟೆ ಹೊಡೆದಾಗ ಅವಳೂ ನಗುತ್ತಿದ್ದಳು. ನಮ್ಮ ವಾರ್ಡಿನಲ್ಲಿ ಒಬ್ಬ ಬಲೂಚಿ ಹೆಂಗಸು ಕಸ ಗುಡಿಸುತ್ತಿದ್ದಳು, ನನ್ನ ತಾಯಿಯ ವಯಸ್ಸು, ಎಲ್ಲರೂ 'ಅಮ್ಮಾ' ಎನ್ನುತ್ತಿದ್ದೆವು. ಉರ್ದು ಚೆನ್ನಾಗಿ ಬರುತ್ತಿತ್ತು. ಒಂದು ದಿನ ನನ್ನ ಕೋಣೆಯ ಹೊಸ್ತಿಲಲ್ಲಿ ಕುಳಿತು ಪೂರ್ತಿ ಕೇಳಿದಳು.

"ಯಾರಿದು?" ಎಂದು ಉರ್ದುವಿನಲ್ಲಿ ಕೇಳಿದಳು.

"ನನ್ನ ಗಂಡ."

"ಮನೆಯಲ್ಲಿಯೂ ಇಷ್ಟೇ ಮಾತಾಡುತ್ತಾನಾ?"

"ಹೂಂ," ಎಂದೆ. ಹಾಗೆ ಹೇಳುವಾಗ ನನಗೆ ಅದು ನಿಜವೇ ಅನಿಸಿತ್ತು.

ನಾನೂ ಮಾತಾಡಿ ಕಳಿಸುತ್ತಿದ್ದೆ. ತೋಟಕ್ಕೆ ನೀರು ಹರಿಯುವ ಕಾಲುವೆಯೊಂದಿತ್ತು, ಅಲ್ಲಿನವರು ಫಲಜ್ ಅನ್ನುತ್ತಾರೆ. ಬೆಟ್ಟದ ಹೊಟ್ಟೆಯಿಂದ ಬಂದು ಮನೆಗಳ ಸಂದಿಯಲ್ಲಿ ಮೊಣಕಾಲಿನಷ್ಟು ನೀರು ತಣ್ಣಗೆ ಹರಿಯುತ್ತಿತ್ತು. ಅದರ ದಂಡೆಯಲ್ಲಿ ಕುಳಿತು, ಪೆಟ್ಟಿಗೆಯನ್ನು ನೀರಿನ ಹತ್ತಿರ ಹಿಡಿದು, ಇವತ್ತು ಯಾರಿಗೆ ಹೆರಿಗೆಯಾಯಿತು, ಏನು ಉಂಡೆ ಎಂದು ಹೇಳುತ್ತಿದ್ದೆ. ಮದುವೆಯಾಗಿ ಒಂದು ವರ್ಷದಲ್ಲಿ ಆಡದಿದ್ದ ಮಾತುಗಳನ್ನು ಸಮುದ್ರ ದಾಟಿ ಬಂದ ಮೇಲೆ ಆಡುತ್ತಿದ್ದೆವು. ಅವರ ದನಿ ಕೇಳಬೇಕು, ಅವರನ್ನು ನೋಡಬೇಕು ಎಂದು ಮೈಯೆಲ್ಲ ಹಂಬಲಿಸಿದ್ದು ಆಗಲೇ. ಮದುವೆಯ ದಿನ ನನಗೆ ಹಾಗೆ ಆಗಿರಲಿಲ್ಲ.

ಎರಡು ವರ್ಷದ ಕರಾರು ಮುಗಿದ ಮೇಲೆ ರಜೆ ಕೊಟ್ಟರು. ಮುಂದೆ ಕರಾರು ಮಾಡಬೇಕೋ ಬೇಡವೋ ಎಂಬುದನ್ನು ಊರಿಗೆ ಹೋಗಿ ತಿಳಿಸಬಹುದು ಎಂದರು.

ಸೊಲ್ಲಾಪುರ ಸ್ಟೇಷನ್ನಿನಲ್ಲಿ ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ನಿಂತಿದ್ದರು. ಸ್ವಲ್ಪ ತೆಳ್ಳಗಾಗಿದ್ದರು. ದಾರಿಯುದ್ದಕ್ಕೂ ನಾನು ಏನೇನು ಹೇಳಬೇಕೆಂದು ಅಂದುಕೊಂಡು ಬಂದಿದ್ದೆ. ಅವರು ನನ್ನ ಟ್ರಂಕು ಎತ್ತಿಕೊಂಡು, ನನ್ನ ಮುಖ ನೋಡದೆ, "ಪ್ರವಾಸ ಚಲೋ ಆತೇನ್ರಿ? ಚಹಾ ಕುಡೀತೀರಿ?" ಎಂದು ಕೇಳಿದರು.

ನನಗೆ 'ರಿ' ಹಚ್ಚಿ ಅವರು ಎಂದೂ ಮಾತಾಡಿದ್ದಿಲ್ಲ. ಹೊರಗಿನ ಪ್ಯಾಸೆಂಜರಿಗೆ ಕೇಳಿದಂತೆ ಕೇಳಿದ್ದರು. ಬೇಡ ಎಂದೆ.

ಮನೆಯಲ್ಲಿ ಮಂದಿಯೋ ಮಂದಿ. ಓಣಿಯವರು, ಡಿಪೋದವರು, ಕರಜಗಿಯಿಂದ ಬಂದವರು. ಎಲ್ಲರಿಗೂ ನಾನು ತಂದ ಬಟ್ಟೆ, ಸಾಬೂನು, ಅತ್ತರು ನೋಡಬೇಕು. ಅತ್ತೆ ಖರ್ಜೂರವನ್ನು ಹಂಚಿ ಹಂಚಿ ದಣಿದರು. ಗಂಡ ಒಂದು ಮೂಲೆಯಲ್ಲಿ ನಿಂತು, ಯಾರಾದರೂ ಕೇಳಿದರೆ "ಹೌದ್ರಿ," "ಇಲ್ರಿ," ಎನ್ನುತ್ತಿದ್ದರು. ಮಂದಿ ಖಾಲಿಯಾದ ಮೇಲೆಯೂ ಹಾಗೆಯೇ. ನಾನು ಎದುರಿಗೆ ಕುಳಿತರೆ ಅವರು ಎದ್ದು ಏನೋ ಕೆಲಸ ಹುಡುಕುತ್ತಿದ್ದರು. ನಾನೂ ಒಂದೆರಡು ಸಲ ಅವರು ಟೇಪಿನಲ್ಲಿ ಹೇಳಿದ್ದ ಸಂಗತಿಗಳನ್ನೇ ಎತ್ತಿದೆ. "ಜೇವೂರ ನಾಯಿ ಈಗೂ ಓಡ್ತದೇನ್ರಿ?" ಎಂದರೆ "ಹೂಂ" ಅಂದರು. ನನಗೆ ನಾಚಿಕೆಯಾಯಿತು. ಯಾರದೋ ಪತ್ರ ಕದ್ದು ಓದಿ ಅವರೆದುರು ಆಡಿದ ಹಾಗೆ.

ಒಂದು ವಾರ ಕಳೆಯಿತು. ಬಾವಿಕಟ್ಟೆಯ ಬಳಿ ಪಾತ್ರೆ ತಿಕ್ಕುತ್ತ ನಾನು ಅತ್ತೆಗೆ ಕೇಳಿಯೇಬಿಟ್ಟೆ. "ಅತ್ತಿ, ಅವರಿಗಿ ನಾ ಬಂದಿದ್ದು ಬ್ಯಾಡಾಗ್ಯದೇನ್ರಿ?"

ಅತ್ತೆ ಬೂದಿಯ ಕೈ ನಿಲ್ಲಿಸಿ ನನ್ನನ್ನು ನೋಡಿದರು. "ಹುಚ್ಚಿ. ನೀ ಬರ್ತಿ ಅಂತ ಅಂವ ಮನಿಗಿ ಸುಣ್ಣಾ ಹಚ್ಯಾನ. ಎದುರಿಗಿ ಮಂದಿ ಕುಂತ್ರ ಅಂವಗ ಮೊದಲಿಂದ ಮಾತು ಬರೂದಿಲ್ಲ. ಅವರಪ್ಪನೂ ಹಂಗೇ. ನೀ ನಾಳಿ ಕರಜಗಿಗಿ ಹೋಗಿ ನಿಮ್ಮವ್ವಗ ಭೆಟ್ಟಿ ಆಗಿ ಬಾ. ಮಧ್ಯಾಹ್ನದ ಗಾಡಿಗೇ ಹೋಗು."

ಮರುದಿನ ಹೋದೆ. ಅವರು ನನ್ನನ್ನು ಕಂಡು ಒಂದು ಗಳಿಗೆ ತಡವರಿಸಿದರು. ಕಂಡಕ್ಟರನ ಸೀಟಿನ ಪಕ್ಕದ ಸೀಟು ಖಾಲಿ ಇತ್ತು, ಅಲ್ಲಿ ಕುಳಿತೆ. ನನಗೂ ಟಿಕೆಟ್ ಕೊಟ್ಟರು, ನಾನೂ ತೆಗೆದುಕೊಂಡೆ. ಊರು ಬಿಟ್ಟು ಹೊಲಗಳು ಶುರುವಾದ ಮೇಲೆ ಬಂದು ಕುಳಿತರು. ಮುಖ ಎದುರಿನ ದಾರಿಗೆ. ಗಾಡಿ ಅಲುಗುತ್ತಿತ್ತು, ಕಿಟಕಿಗಳು ಬಡಿಯುತ್ತಿದ್ದವು. ನಾನೂ ದಾರಿಯನ್ನೇ ನೋಡುತ್ತ ಕುಳಿತೆ.

"ಆ ತೊಗರಿ ಹೊಲಾ ಹೇಳಿದ್ನೆಲ್ಲ," ಎಂದರು, ಮೆಲ್ಲಗೆ. "ಇದೇ ಅದು. ಈ ವರ್ಷ ಜ್ವಾಳ ಹಾಕ್ಯಾನ."

ನಾನು ಉಸಿರಾಡಲೂ ಹೆದರಿದೆ. ಅವರು ಮುಂದುವರಿಸಿದರು. ಡ್ರೈವರನ ಮಗಳ ಮದುವೆ ಹೇಗಾಯಿತು, ಯಾರು ಮುನಿಸಿಕೊಂಡರು. ನನ್ನ ಫಲಜಿನ ನೀರಿನ ಸದ್ದನ್ನು ಅತ್ತೆ ಮಧ್ಯಾಹ್ನ ಹಾಕಿಕೊಂಡು ಮಲಗುತ್ತಿದ್ದರಂತೆ. ನಾನು ಒಂದು ಮಾತು ಹೇಳಿದೆ, ಅವರು ನಕ್ಕರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, ಗಾಡಿಯ ಸದ್ದಿನಲ್ಲಿ, ಕರಜಗಿ ಬರುವವರೆಗೂ ಮಾತಾಡಿದೆವು.

ಆ ರಜೆಯಲ್ಲಿ ನಾನು ದಿನಬಿಟ್ಟು ದಿನ ಎನ್ನುವಂತೆ ಮಧ್ಯಾಹ್ನದ ಕರಜಗಿ ಗಾಡಿ ಹತ್ತಿದೆ. ತವರಿನಲ್ಲಿ ಇಳಿದು ಅವ್ವನಿಗೆ ಮುಖ ತೋರಿಸಿ ಅದೇ ಗಾಡಿಗೆ ವಾಪಸಾಗುತ್ತಿದ್ದೆ. ಅವ್ವನಿಗೆ ಅನುಮಾನ ಬಂದು, "ಮನ್ಯಾಗ ಏನರ ಜಗಳ ಆಗ್ಯದೇನು?" ಎಂದು ಕೇಳಿದಳು. ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿ ತನ್ನಷ್ಟಕ್ಕೆ ನಗುತ್ತಿದ್ದ. ನನ್ನ ಬದುಕಿನ ಅತ್ಯಂತ ಸುಖದ ದಿನಗಳು ಯಾವುವು ಎಂದು ಯಾರಾದರೂ ಕೇಳಿದರೆ ಆ ಧೂಳಿನ ದಾರಿಯನ್ನೇ ಹೇಳುತ್ತೇನೆ.

ರಜೆ ಮುಗಿಯುತ್ತ ಬಂದಾಗ ಒಂದು ದಿನ ಅವರೇ ಕೇಳಿದರು. "ಕರಾರು ಮುಂದ ಮಾಡ್ತಿಯೇನು?"

"ನೀವ ಹೇಳ್ರಿ."

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಜೇವೂರ ಬಂತು. ಸಂತೆಯ ದಿನ. ಬುಟ್ಟಿ, ಚೀಲ, ಕೂಸುಗಳ ಜೊತೆ ಮಂದಿ ನುಗ್ಗಿದರು. ಅವರು ಎದ್ದು ಹಿಂದಕ್ಕೆ ಹೋದರು. ಕರಜಗಿಯವರೆಗೂ ನನ್ನ ಬಳಿ ಬರಲು ದಾರಿಯೇ ಸಿಗಲಿಲ್ಲ. ಮುಂದೆ ಅವರೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಸೊಲ್ಲಾಪುರದ ದವಾಖಾನೆಯಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಿದ್ದರು. ಮತ್ತೆ ಎರಡು ವರ್ಷಕ್ಕೆ ಒಪ್ಪಿ ವಿಮಾನ ಹತ್ತಿದೆ.

ಈ ಸಲದ ಹೋಗುವಿಕೆ ಬೇರೆ. ಮೊದಲ ಸಲ ಯಾರನ್ನು ಬಿಟ್ಟು ಬಂದೆ ಎಂದು ನನಗೇ ಪೂರ್ತಿ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ವಾರ್ಡಿನಲ್ಲಿ ಹೊಸ ಯಂತ್ರಗಳು ಬಂದಿದ್ದವು, ನನ್ನ ಕೈಕೆಳಗೆ ಕಿರಿಯ ನರ್ಸುಗಳಿದ್ದರು, ಅರಬಿ ಮಾತು ಸಲೀಸಾಗಿತ್ತು. ಎಲ್ಲವೂ ಚಲೋ ಇತ್ತು. ಆದರೆ ಮಧ್ಯಾಹ್ನ ಅಲ್ಲಿ ಗಾಡಿ ಹೊರಡುವ ಹೊತ್ತಾದರೆ ನನ್ನ ಗಮನ ಕೈಯಲ್ಲಿದ್ದ ಕೆಲಸದಿಂದ ಜಾರುತ್ತಿತ್ತು. ಈಗ ಊರು ಬಿಟ್ಟಿರಬಹುದು, ಈಗ ತೊಗರಿಯ ಹೊಲ.

ಕೆಲವು ತಿಂಗಳು ಕ್ಯಾಸೆಟ್ಟುಗಳು ಬಂದವು. ಆಮೇಲೆ ಒಂದು ಬಂತು, ಅದರಲ್ಲಿ ಗಾಡಿಯ ಸದ್ದು ಇರಲಿಲ್ಲ. ಅತ್ತೆ ಖುಷಿಯಿಂದ ಒದರಿ ಹೇಳಿದ್ದರು. "ಯವ್ವಾ, ಅಂವಗ ಬಢತಿ ಆಗ್ಯದ. ಅಕ್ಕಲಕೋಟ ಸ್ಟ್ಯಾಂಡಿನಾಗೇ ಕಂಟ್ರೋಲರ್ ಮಾಡ್ಯಾರ. ಖುರ್ಚಿ ಮ್ಯಾಲ ಕುಂದ್ರೂ ಕೆಲಸ. ಇನ್ನ ಧೂಳಿಲ್ಲ, ಒದರೂದಿಲ್ಲ." ಆಮೇಲೆ ಗಂಡ ಗಂಟಲು ಸರಿಮಾಡಿಕೊಂಡರು. "ಹೂಂ. ಬಢತಿ ಆಗ್ಯದ," ಎಂದರು. ಮುಂದೆ ಮಾತು ಇಲ್ಲ. ಟೇಪು ಮಾತ್ರ ತಿರುಗುತ್ತಿತ್ತು. ಅವರು ಹಾಗೆಯೇ ಕುಳಿತಿದ್ದಾರೆ, ಏನು ಹೇಳಬೇಕೆಂದು ಹುಡುಕುತ್ತಿದ್ದಾರೆ ಎಂಬುದು ಆ ಸುಮ್ಮನಿರುವಿಕೆಯಲ್ಲೇ ನನಗೆ ಕಾಣಿಸಿತು. ಕೊನೆಗೆ, "ಗಾಡಿ ಇಲ್ಲ ನೋಡು ಈಗ," ಎಂದು ನಿಲ್ಲಿಸಿದರು.

ಮುಂದಿನ ಎರಡು ಕ್ಯಾಸೆಟ್ಟುಗಳಲ್ಲಿ ಅತ್ತೆ ಮಾತ್ರ ಇದ್ದರು.

ನಾನು ಕಾದೆ. ಹಳೆಯವನ್ನು ಹಾಕಿ ಕೇಳಿ ಕೇಳಿ ಒಂದರ ಟೇಪು ಸುತ್ತಿಕೊಂಡು ಹರಿಯಿತು. ಕಸ ಗುಡಿಸುವ ಆ ಬಲೂಚಿ ಹೆಂಗಸು ಒಂದು ದಿನ, "ನಿನ್ನ ಗಂಡನ ಗಾಡಿ ಈಗ ಬರುತ್ತಿಲ್ಲವಲ್ಲ," ಎಂದಳು. ನಾನು ಎಲ್ಲವನ್ನೂ ಹೇಳಿದೆ. ಖುರ್ಚಿಯ ಕೆಲಸ ಬಂದದ್ದು, ಎದುರಿಗೆ ಮಾತು ಬಾರದ್ದು. ಅವಳು ಪೊರಕೆಯನ್ನು ಗೋಡೆಗೆ ಆನಿಸಿ ನನ್ನ ಪಕ್ಕ ಕುಳಿತಳು. "ನನ್ನ ಗಂಡ ಹಡಗಿನ ಮೇಲೆ ಹೋದವನು. ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಹೊಸ ಮನುಷ್ಯ. ಪರಿಚಯ ಆಗುವಷ್ಟರಲ್ಲಿ ಹೊರಡುತ್ತಿದ್ದ. ಒಂದು ಸಲ ಬರಲಿಲ್ಲ," ಎಂದಳು. ಇಷ್ಟೇ ಹೇಳಿ ಎದ್ದು ಮತ್ತೆ ಗುಡಿಸತೊಡಗಿದಳು.

ಆ ವಾರವೇ ನಾನು ಕೆಲಸ ಬಿಡುತ್ತೇನೆಂದು ಬರೆದುಕೊಟ್ಟೆ. ಕರಾರು ಮುಗಿಯಲು ಇನ್ನೂ ದಿನಗಳಿದ್ದವು. ಮೇಟ್ರನ್ ಬಾಯಿ ತಿಳಿಹೇಳಿದರು, ಗೆಳತಿ ಅತ್ತಳು. ಹೊರಡುವ ಬೆಳಗ್ಗೆ ಬಲೂಚಿ 'ಅಮ್ಮಾ' ಫಲಜಿನ ದಂಡೆಯವರೆಗೂ ನನ್ನ ಚೀಲ ಹೊತ್ತು ಬಂದಳು. ಜೀಪು ತಿರುಗುವಾಗ ನೋಡಿದರೆ ಅವಳು ಕಾಲುಗಳನ್ನು ನೀರಿನಲ್ಲಿ ಇಳಿಬಿಟ್ಟು ಕುಳಿತಿದ್ದಳು. ಆ ಚಿತ್ರ ಈಗಲೂ ನನ್ನನ್ನು ಎಳೆಯುತ್ತದೆ. ಅವಳಿಗೆ ಪತ್ರ ಬರೆಯಲು ಬರುತ್ತಿರಲಿಲ್ಲ, ಅವಳ ಮನೆಯ ವಿಳಾಸ ಎಂಬುದೂ ಇರಲಿಲ್ಲ.

ನಾನು ಬರುವುದನ್ನು ಯಾರಿಗೂ ತಿಳಿಸಿರಲಿಲ್ಲ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಇಳಿದಾಗ ಅವರು ಕಂಟ್ರೋಲರ್ ಖೋಲಿಯ ಕಿಟಕಿಯ ಹಿಂದೆ ಯಾರಿಗೋ ಗಾಡಿಯ ವೇಳೆ ಹೇಳುತ್ತಿದ್ದರು. ನಾನು ಸರದಿಯಲ್ಲಿ ನಿಂತೆ. ನನ್ನ ಮುಂದಿನವನು ಸರಿದ ಮೇಲೆ ತಲೆ ಎತ್ತಿದರು.

"ಬಂದ್ಯಾ?" ಎಂದರು. ಈ ಸಲ 'ರಿ' ಇರಲಿಲ್ಲ.

"ಬಂದೆ. ಇನ್ನ ಹೋಗೂದಿಲ್ಲರಿ."

ಅವರು ಎದ್ದು ಖೋಲಿಯ ಬಾಗಿಲ ಚಿಲಕ ತೆಗೆದರು. ಹಿಂದಿನವರು ಗಡಿಬಿಡಿ ಮಾಡಿದಾಗ, "ಒಳಗ ಬಂದು ಕುಂದ್ರು. ಡ್ಯೂಟಿ ಮುಗಸ್ತೀನಿ," ಎಂದರು. ಆ ಖೋಲಿಯ ಸ್ಟೂಲಿನ ಮೇಲೆ ಕುಳಿತು, ಅವರು ಒಂದರ ಹಿಂದೊಂದು ಗಾಡಿಗಳನ್ನು ಕಳಿಸುವುದನ್ನು ನೋಡಿದೆ.

ಕೆಲವು ತಿಂಗಳ ಮೇಲೆ ಅಕ್ಕಲಕೋಟದ ಸರಕಾರಿ ದವಾಖಾನೆಯಲ್ಲಿಯೇ ನನಗೆ ಕೆಲಸ ಸಿಕ್ಕಿತು. ಅವರೇನೂ ಬದಲಾಗಲಿಲ್ಲ. ಮನೆಯಲ್ಲಿ ಅದೇ ಎರಡು ಮಾತು. ನಾನು ಅವರ ಪಕ್ಕದಲ್ಲೇ ಇದ್ದೂ ಟೇಪಿನಲ್ಲಿ ಮಾತಾಡುತ್ತಿದ್ದವರಿಗಾಗಿ ಹಂಬಲಿಸಿದ ದಿನಗಳಿದ್ದವು. ಆದರೆ ನನಗೆ ಒಂದು ಉಪಾಯ ಗೊತ್ತಾಗಿತ್ತು. ಅವರಿಗೆ ನಡೆಯುವಾಗ ಮಾತು ಬರುತ್ತಿತ್ತು. ಡ್ಯೂಟಿ ಮುಗಿದ ಮೇಲೆ ನಾವು ನೇರ ಮನೆಗೆ ಹೋಗದೆ ಊರ ಹೊರಗಿನ ಕೆರೆಯ ಕಡೆ ಒಂದು ಸುತ್ತು ಹೋಗಿಬರತೊಡಗಿದೆವು.

ಅಂಥ ಒಂದು ಸಂಜೆ ಅವರು ತಾವಾಗಿಯೇ ಕೇಳಿದರು. "ಆ ನೀರಿನ ಕಾಲುವಿ ಎಷ್ಟ್ ಅಗಲ ಇತ್ತು?"

ಕೈಯಗಲಿಸಿ ತೋರಿಸಿದೆ.

"ಬೆಟ್ಟದಾಗಿಂದ ಹ್ಯಾಂಗ ತಗದಾರ?"

ಗೊತ್ತಿದ್ದಷ್ಟು ಹೇಳಿದೆ. ಅವರು ಬಿಡಲಿಲ್ಲ. ಜೀಪು ಯಾವ ದಾರಿಯಲ್ಲಿ ಹೋಗುತ್ತಿತ್ತು, ವಿಮಾನದಿಂದ ಸಮುದ್ರ ಹೇಗೆ ಕಾಣುತ್ತದೆ, ಅಲ್ಲಿ ಬಸ್ಸು ಇವೆಯೇ, ಕಂಡಕ್ಟರು ಇರುತ್ತಾರೆಯೇ. ಇಷ್ಟು ವರ್ಷಗಳಲ್ಲಿ ಹೊರದೇಶದ ಒಂದು ಪ್ರಶ್ನೆಯನ್ನೂ ಅವರು ಕೇಳಿರಲಿಲ್ಲ. ಅವರಿಗೆ ಆಸಕ್ತಿಯಿಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಆಶ್ಚರ್ಯ ಅವರಿಗೆ ಕಂಡಿರಬೇಕು.

"ಡ್ಯೂಟಿ ಮ್ಯಾಲ ನಾ ಕರಜಗಿ ಮುಂದ ಹೋದಾವಲ್ಲ," ಎಂದರು. "ದಿನಾ ಅಲ್ಲಿ ಮಟಾ ಹೋಗಿ ಗಾಡಿ ತಿರವೂದು. ನಿನ್ನ ಕೂಡ ಮಾತಾಡ್ತಿದ್ನೆಲ್ಲ, ಆವಾಗ ಇದು ಹಿಂಗೇ ಹೊಂಟ್ರ ನೀ ಇದ್ದಲ್ಲಿಗಿ ಹೋಗಿ ಮುಟ್ತದ ಅನಸ್ತಿತ್ತು. ಕರಜಗಿ ಬಂದ್ರ ಸಿಟ್ಟು ಬರ್ತಿತ್ತು."

ಆ ವರ್ಷ ಅವರಿಗೆ ಸಿಗುವ ಎಸ್.ಟಿ. ಪಾಸಿನಲ್ಲಿ ಇಬ್ಬರೂ ರತ್ನಾಗಿರಿಗೆ ಹೋದೆವು. ಅವರು ಅಲ್ಲಿಯತನಕ ಸಮುದ್ರ ನೋಡಿರಲಿಲ್ಲ. ದಾರಿಯುದ್ದಕ್ಕೂ ಬೇರೆ ಕಂಡಕ್ಟರುಗಳ ಕೆಲಸ ನೋಡಿ, "ಈತ ಚಲೋ ಇದ್ದಾನ," "ಈತ ಗಂಟಿ ಲಗೂನ ಹೊಡೀತಾನ, ಮುದುಕ್ರು ಬೀಳ್ತಾರ," ಎಂದು ಹೇಳುತ್ತ ಬಂದರು. ಘಟ್ಟ ಇಳಿಯುವಾಗ ಕಿಟಕಿಯ ಸೀಟನ್ನು ನನಗೆ ಕೊಡದೆ ತಾವೇ ಕುಳಿತರು.

ದಂಡೆಯ ಮೇಲೆ ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ನೀರಿನೊಳಗೆ ಹೋಗಿ ನಿಂತರು. ತೆರೆ ಬಂದು ಮೊಣಕಾಲಿನ ಮೇಲೆಯೂ ತೊಯ್ಯಿಸಿತು. ಅವರು ಸರಿಯಲಿಲ್ಲ. ನಾನು ಪಕ್ಕಕ್ಕೆ ಹೋಗಿ ನಿಂತೆ.

"ನೀ ಇದ್ದಿದ್ದು ಯಾ ದಿಕ್ಕಿಗಿ?"

ನಾನು ಬಲಗಡೆಗೆ, ದೂರ, ಕೈ ತೋರಿದೆ. ಅಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಆದರೂ ಇಬ್ಬರೂ ಅತ್ತಲೇ ನೋಡುತ್ತ ಬಹಳ ಹೊತ್ತು ನಿಂತೆವು. ಅವರು ನೋಡದ ಊರನ್ನು ನೋಡುತ್ತಿದ್ದರೇನೋ. ನನಗೆ ಬಿಳಿಯ ಆಸ್ಪತ್ರೆ, ನನ್ನ ಮಣಿಕಟ್ಟು ಹಿಡಿದಿದ್ದ ಮದರಂಗಿಯ ಕೈಗಳು, ಆ 'ಅಮ್ಮಾ' ಎಲ್ಲವೂ ಒಂದೇ ಸಲ ಬೇಕು ಅನಿಸಿತು. ಅವರಿಗೆ ಹೇಳಿದೆ. "ನೆನಪಾಗೂದೇ," ಎಂದು ನನ್ನ ಭುಜದ ಮೇಲೆ ಒದ್ದೆ ಕೈ ಇಟ್ಟರು.

"ನೀರಿಗಿ ಅವರು ಏನಂತಾರ?"

"ಮಾಯ್."

"ಮಾಯ್," ಎಂದು ಅಂದು ನೋಡಿದರು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ನಾಲಿಗೆಗೆ ಹಚ್ಚಿ ಮುಖ ಕಿವುಚಿದರು. ನಾನು ನಕ್ಕೆ. ಸ್ಟ್ಯಾಂಡಿಗೆ ಹೋಗುವಾಗ ದಾರಿಯಲ್ಲಿ ರೊಟ್ಟಿಗೆ, ಕೂಸಿಗೆ, ದಾರಿಗೆ ಏನನ್ನುತ್ತಾರೆ ಎಂದು ಒಂದೊಂದೇ ಕೇಳಿದರು. ವಾಪಸು ಬರುವ ಗಾಡಿಯಲ್ಲಿ ತೊಯ್ದ ಪ್ಯಾಂಟಿನಲ್ಲೇ ನಿದ್ದೆಹೋದರು. ನಾನು ಕಿಟಕಿಯ ಕಡೆ ಕುಳಿತು, ಸಮುದ್ರ ಮರೆಯಾಗುವವರೆಗೂ ನೋಡುತ್ತಿದ್ದೆ.